ಮೊಘಲರು ತುರ್ಕರೋ, ಮಂಗೋಲರೋ?

ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಎಲ್ಲರದ್ದೂ ಅರ್ಧ ಸರಿ. ಗೋಜಲು ಶುರುವಾಗಿದ್ದು ದೆಹಲಿಯಲ್ಲಲ್ಲ, ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ.

ಅಲ್ಲಿನ ಜನ ಅಲೆಮಾರಿಗಳು. ಅಲೆಮಾರಿ ಅಂದ ಕೂಡಲೇ ಸುಮ್ನೆ ಸುತ್ತುವವರು ಅಂದುಕೊಳ್ಳುತ್ತೇವೆ. ಹಾಗೇನಿರಲಿಲ್ಲ. ಕುರಿ, ಕುದುರೆಗಳಿಗೆ ಬೇಸಿಗೆಯಲ್ಲಿ ಒಂದು ಕಡೆ ಮೇವು, ಚಳಿಗಾಲಕ್ಕೆ ಇನ್ನೊಂದು ಕಡೆ. ಯಾವ ಬುಡಕಟ್ಟು ಎಲ್ಲಿ ಬೀಡು ಬಿಡಬೇಕು ಅನ್ನೋದಕ್ಕೆ ಲೆಕ್ಕ ಇತ್ತು. ಚಿಕ್ಕಂದಿನಿಂದ ಕುದುರೆ ಮೇಲೆಯೇ ಬೆಳೆದವರಿಗೆ ಬೇರೆ ಸೈನಿಕ ತರಬೇತಿ ಬೇಕಿರಲಿಲ್ಲ.

552ರಲ್ಲಿ ತುರ್ಕರು ಮಂಗೋಲಿಯಾದಲ್ಲಿ ರಾಜ್ಯ ಕಟ್ಟಿದರು. 11ನೇ ಶತಮಾನದ ಹೊತ್ತಿಗೆ ಸೆಲ್ಜುಕ್ ತುರ್ಕರು ಇರಾನ್ ಆಳುತ್ತಿದ್ದರು. 1206ರಲ್ಲಿ ಮಂಗೋಲರ ಚೆಂಗಿಸ್ ಖಾನ್ ಎದ್ದ. ಅವನ ಸಾಮ್ರಾಜ್ಯದ ಪಶ್ಚಿಮ ಭಾಗದಲ್ಲಿ ಮಂಗೋಲರು ಕಡಿಮೆ, ತುರ್ಕರೇ ಜಾಸ್ತಿ. ಹೀಗಾಗಿ ಆಳುವವರ ಮೊಮ್ಮಕ್ಕಳು ಆಳಿಸಿಕೊಂಡವರ ಭಾಷೆ ಕಲಿತರು, ಮುಸ್ಲಿಮರೂ ಆದರು. ಅಂಥದ್ದೊಂದು ಬುಡಕಟ್ಟು ಬರ್ಲಾಸ್. ಮೊಘಲರ ಪೂರ್ವಜ ತೈಮೂರ್ ಹುಟ್ಟಿದ್ದು ಅದರಲ್ಲೇ.

ತೈಮೂರನಿಗೆ ಒಂದು ತೊಡಕಿತ್ತು. ಚೆಂಗಿಸನ ವಂಶದವರಿಗೆ ಮಾತ್ರ 'ಖಾನ್' ಪಟ್ಟ. ಇವನು ಆ ವಂಶದವನಲ್ಲ. ಹಾಗಾಗಿ ಚೆಂಗಿಸನ ಕುಡಿಯೊಬ್ಬನನ್ನು ಹೆಸರಿಗೆ ಖಾನ್ ಅಂತ ಕೂರಿಸಿದ, ಆ ವಂಶದ ಸರಾಯ್ ಮುಲ್ಕ್ ಖಾನುಮಳನ್ನು ಮದುವೆಯಾದ, ತನ್ನನ್ನು 'ಗುರೆಗೆನ್' ಅಂತ ಕರೆದುಕೊಂಡ. ಅಂದರೆ ಅಳಿಯ! ಅರ್ಧ ಏಷ್ಯಾವನ್ನು ನಡುಗಿಸಿದವನ ಬಿರುದು ಬರೀ ಅಳಿಯನದ್ದು. ತನ್ನ ರಾಜಧಾನಿ ಸಮರ್ಕಂದದಲ್ಲಿ ನೀಲಿ ಗುಮ್ಮಟಗಳನ್ನು ಕಟ್ಟಿಸಿದರೂ ಅವನ ಮನಸ್ಸು ಊರಾಚೆಯ ತೋಟಗಳಲ್ಲೇ ಇತ್ತು. 1404ರಲ್ಲಿ ಅಲ್ಲಿಗೆ ಬಂದ ಸ್ಪೇನಿನ ರಾಯಭಾರಿ ಕ್ಲಾವಿಹೊ ಕಂಡಿದ್ದು ಸಾವಿರಾರು ಗುಡಾರಗಳ ಸಾಲು.

ಬಾಬರ್ ತಂದೆಯ ಕಡೆಯಿಂದ ತೈಮೂರನ ಕುಲ, ತಾಯಿಯ ಕಡೆಯಿಂದ ಚೆಂಗಿಸನದ್ದು. ಆತ್ಮಕಥೆ ಬರೆದಿದ್ದು ಚಗತಾಯ್ ತುರ್ಕಿ ಭಾಷೆಯಲ್ಲಿ. 'ಮೊಘಲ್' ಅಂದರೆ ಮಂಗೋಲ. ಆ ಜನರನ್ನು ಅವನು ಬೈದದ್ದೇ ಹೆಚ್ಚು. ಆ ಮನೆತನ ತನ್ನನ್ನು ಕರೆದುಕೊಂಡಿದ್ದು ಗುರ್ಕಾನಿ ಅಂತ, ಅದೇ ಅಳಿಯನ ಹೆಸರಲ್ಲಿ.

ರಕ್ತದ ಲೆಕ್ಕ ಬಿಟ್ಟು ನಡವಳಿಕೆ ನೋಡಿದರೆ ಬೇರು ಚೆನ್ನಾಗಿ ಕಾಣುತ್ತದೆ, ಅಲ್ವಾ? ಹಿರಿಮಗನಿಗೇ ಪಟ್ಟ ಅನ್ನೋ ನಿಯಮ ಇಲ್ಲ. ರಾಜ್ಯ ಇಡೀ ಮನೆತನದ್ದು. ಅದಕ್ಕೇ ಹೆಚ್ಚೂಕಡಿಮೆ ಪ್ರತಿ ತಲೆಮಾರಿನಲ್ಲೂ ಅಣ್ಣತಮ್ಮಂದಿರ ಜಗಳ.

ಗುಡಾರವನ್ನೂ ಮೊಘಲರು ಬಿಡಲಿಲ್ಲ. ತುರ್ಕಿ ಭಾಷೆಯಲ್ಲಿ 'ಓರ್ದು' ಅಂದರೆ ದಂಡಿನ ಬಿಡಾರ. ಉರ್ದು ಭಾಷೆಯ ಹೆಸರು ಬಂದಿದ್ದು ಅಲ್ಲಿಂದಲೇ. 1681ರಲ್ಲಿ ದಕ್ಷಿಣಕ್ಕೆ ಹೊರಟ ಔರಂಗಜೇಬ್ ಮತ್ತೆ ದೆಹಲಿ ನೋಡಲಿಲ್ಲ. 1695ರಲ್ಲಿ ಇಟಲಿಯ ಪ್ರವಾಸಿ ಕರೇರಿ ಅವನನ್ನು ಭೇಟಿಯಾಗಿದ್ದು ಕೃಷ್ಣಾ ತೀರದ ನಮ್ಮ ಗಲಗಲಿಯಲ್ಲಿ, ಒಂದು ಗುಡಾರದೊಳಗೆ.