ಹೊದಿಸುವ ಮೊದಲು ಹಾಸಿ ಕೊಡಿ

ರಾಯಚೂರಿನ ಬಿಸಿಲು ಕಂಡವರು ಅಲ್ಲಿನ ಚಳಿಯನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಅರೆಹೊಟ್ಟೆಯಲ್ಲಿ, ಕುಡಿದು, ಒದ್ದೆ ಬಟ್ಟೆಯಲ್ಲಿ ಮಲಗಿದವನಿಗೆ ಅಷ್ಟು ಚಳಿಯೇ ಅಪಾಯ ತರಬಹುದು. ಬೆಳೆದ ಮಗ ಮನೆ ಬಿಟ್ಟು ಬಸ್ ನಿಲ್ದಾಣದಲ್ಲೋ ಅಂಗಡಿ ಕಟ್ಟೆಯ ಮೇಲೋ ರಾತ್ರಿ ಕಳೆಯುತ್ತಿದ್ದರೆ, ಅವನು ಮನೆಗೆ ಬರಲು ಒಪ್ಪುವವರೆಗೆ ಹೆತ್ತವರು ಕೈಕಟ್ಟಿ ಕೂರಬೇಕಿಲ್ಲ.

ಎಲ್ಲರೂ ಮೊದಲು ಒಯ್ಯುವುದು ಕಂಬಳಿ. ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ನೂಲಿನ ನಡುವೆ ಅಲುಗದೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಕಂಬಳಿಯನ್ನು ಮೈಕೆಳಗೆ ಹಾಸಿದರೆ ಭಾರಕ್ಕೆ ಆ ಗಾಳಿ ಹೊರಬಿದ್ದು ಬರೀ ತೆಳುವಾದ ಬಟ್ಟೆ ಉಳಿಯುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ಅದರ ಕೆಳಗಿರುವುದು ಎಷ್ಟೋ ಸಲ ಗ್ರಾನೈಟ್ ಕಲ್ಲು. ನಿಂತ ಗಾಳಿಗಿಂತ ಸುಮಾರು 100 ಪಟ್ಟು ಹೆಚ್ಚು ಶಾಖವನ್ನು ಅದು ಸಾಗಿಸುತ್ತದೆ.

ಹಾಗಾಗಿ ಮೊದಲು ರಟ್ಟು ಒಯ್ಯಿರಿ. ಫ್ರಿಜ್, ಟಿವಿ ಬರುವ ದೊಡ್ಡ ಪೆಟ್ಟಿಗೆ ಬಿಚ್ಚಿ ತಲೆಯಿಂದ ಹಿಮ್ಮಡಿವರೆಗೆ ಮೂರು-ನಾಲ್ಕು ಪದರ ಹಾಸಬೇಕು. ರಟ್ಟಿನ ಒಳಮಡಿಕೆಗಳಲ್ಲಿರುವ ಗಾಳಿ ಮೈಭಾರಕ್ಕೆ ಸುಲಭವಾಗಿ ಹೊರಬೀಳದು. ಅದರಡಿ ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲವಾದರೆ ನೆಲದ ಪಸೆಗೆ ರಟ್ಟು ಮೆತ್ತಗಾಗುತ್ತದೆ. ರಟ್ಟಿನ ಮೇಲೆ ಕೌದಿ ಹಾಸಿ, ಕಂಬಳಿ ಹೊದೆಯಲಿ. ಅದೇ ಪ್ಲಾಸ್ಟಿಕ್ಕನ್ನು ಮೈಗೆ ಸುತ್ತಿಕೊಂಡರೆ ಬೆವರು ಒಳಗೇ ನಿಂತು ಬಟ್ಟೆ ಒದ್ದೆಯಾಗುತ್ತದೆ. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಒಂದು ಬಿಗಿ ಸ್ವೆಟರ್‌ಗಿಂತ ಎರಡು ಸಡಿಲ ಅಂಗಿ, ಒಣ ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿಗೆ ಒಳ್ಳೆಯದು. ಬಣ್ಣದ ಹೊಸ ಬ್ಲಾಂಕೆಟ್ ಬೇಗ ಕಳುವಾದೀತು. ಹಳೆ ಕೌದಿಯ ಮೇಲೆ ಯಾರೂ ಕಣ್ಣು ಹಾಕುವುದಿಲ್ಲ.

ಮೋಡವಿಲ್ಲದ ರಾತ್ರಿ ಬಯಲಲ್ಲಿ ಮಲಗಿದವನ ಹೊದಿಕೆಯೂ ಮುಖವೂ ಆಕಾಶದತ್ತ ಶಾಖ ಸೂಸುತ್ತಲೇ ಇರುತ್ತವೆ. ಮೇಲೊಂದು ಚಾವಣಿ, ಗಾಳಿ ಬೀಸುವ ಕಡೆಗೊಂದು ಗೋಡೆ ಇದ್ದರೆ ಈ ನಷ್ಟ ಎಷ್ಟೋ ಕಡಿಮೆ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಳ್ಳುವುದು ಚಳಿಗಿಂತ ಕೆಟ್ಟದ್ದು: ಕೆಂಡದಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಕುಡಿದರೆ ಬೆಚ್ಚಗಾಗುತ್ತದೆ ಎನ್ನುವುದು ಚರ್ಮದ ಮಟ್ಟಿಗೆ ನಿಜ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿರಕ್ತ ಹೊರಕ್ಕೆ ಬರುತ್ತದೆ, ಅಲ್ಲಿಂದ ಶಾಖ ಗಾಳಿಪಾಲಾಗುತ್ತದೆ. ನಡುಗಿ ಬಿಸಿಯಾಗುವ ಮೈಯ ಶಕ್ತಿಯೂ ಕುಂದುತ್ತದೆ. ನಡುಕಕ್ಕೆ ಉರುವಲು ಬೇಕು, ಆದ್ದರಿಂದ ಸಂಜೆಯ ಊಟ ತಪ್ಪಬಾರದು. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ನಾಲ್ಕು ದಿನವಾದರೂ ಕೆಡುವುದಿಲ್ಲ.

ಒಳಮೈಯ ಉಷ್ಣಾಂಶ 35 ಡಿಗ್ರಿಗಿಂತ ಇಳಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ನೋಡಿದವರು ‘ಕುಡಿದಾನ, ಬಿಡ್ರಿ’ ಎಂದು ಹೋಗುವುದು ಇಂಥ ಹೊತ್ತಿನಲ್ಲೇ. ಚಳಿ ಹಾಗೇ ಇದ್ದು ನಡುಕ ನಿಂತರೆ ಪರಿಸ್ಥಿತಿ ಬಿಗಡಾಯಿಸಿದೆ ಎಂದೇ ಅರ್ಥ. ಕೂಡಲೇ 108ಕ್ಕೆ ಕರೆ ಮಾಡಿ. ಜೋರಾಗಿ ಎಳೆದಾಡದೆ ಒದ್ದೆ ಬಟ್ಟೆ ಬಿಚ್ಚಿ ಒಣ ಕಂಬಳಿ ಸುತ್ತಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲು ತಿಕ್ಕಬೇಡಿ, ಅಲ್ಲಿನ ತಣ್ಣನೆ ರಕ್ತ ಹೃದಯಕ್ಕೆ ನುಗ್ಗಿದರೆ ಬಡಿತ ಏರುಪೇರಾದೀತು. ಪೂರ್ತಿ ಎಚ್ಚರವಿದ್ದು ನುಂಗಬಲ್ಲವನಾದರೆ ಮಾತ್ರ ಸಕ್ಕರೆ ಹಾಕಿದ ಬಿಸಿ ಚಹಾ ಕೊಡಿ.

ನಗರಸಭೆ ಅಥವಾ ಪಾಲಿಕೆಯ ಕಚೇರಿಯಲ್ಲಿ ರಾತ್ರಿ ತಂಗುದಾಣ ಎಲ್ಲಿದೆ, ಎಷ್ಟು ಗಂಟೆಯೊಳಗೆ ಹೋಗಬೇಕು, ಕುಡಿದವರನ್ನು ಒಳಗೆ ಬಿಡುತ್ತಾರೆಯೇ ಎಂದು ಹಗಲಲ್ಲೇ ಕೇಳಿಡಿ. ಮಗನಿಗೆ ಮಾನಸಿಕ ಕಾಯಿಲೆಯಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣಿರಿ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋರೋಗದ ಕೆಲವು ಔಷಧಗಳು ಮೈಯ ಶಾಖ ನಿಯಂತ್ರಣವನ್ನು ಕೆಡಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬಯಲಲ್ಲಿ ಮಲಗುತ್ತಿದ್ದಾನೆಂದು ವೈದ್ಯರಿಗೆ ಹೇಳಿ. ಫೋನಿನಲ್ಲಿ ಸಲಹೆಗೆ ಟೆಲಿ ಮಾನಸ್ 14416 ಇದೆ. ತನ್ನ ಯೋಗಕ್ಷೇಮ ನೋಡಿಕೊಳ್ಳಲಾಗದೆ ಅಲೆಯುವ ಮಾನಸಿಕ ರೋಗಿಯನ್ನು ಪೊಲೀಸರು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಹೇಳುತ್ತದೆ. ಠಾಣೆಗೆ ಹೋಗುವಾಗ ಈ ಕಲಮಿನ ಸಂಖ್ಯೆಯನ್ನೂ ಹಳೆಯ ಔಷಧ ಚೀಟಿಯ ಜೆರಾಕ್ಸನ್ನೂ ಜೇಬಿನಲ್ಲಿಟ್ಟುಕೊಳ್ಳಿ.