ಊಟ ಕೆಡಿಸುವುದು ತಡವಲ್ಲ, ತೇವ

ಊಟವನ್ನು ಇದ್ದಲ್ಲಿಗೇ ತರಿಸಿಕೊಳ್ಳುವ ರೂಢಿ ಕೊರಿಯಾಕ್ಕೆ ಮೊಬೈಲ್ ಜೊತೆ ಬಂದದ್ದಲ್ಲ. ಹ್ವಾಂಗ್ ಯುನ್‌ಸೊಕ್ ಎಂಬ ವಿದ್ವಾಂಸ ಗೆಳೆಯರೊಂದಿಗೆ ತಣ್ಣನೆಯ ನೂಡಲ್ಸ್ ತರಿಸಿ ತಿಂದದ್ದನ್ನು 1768ರ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ. ಕಳೆದ ಶತಮಾನದಲ್ಲಿ ಚೀನೀ ಶೈಲಿಯ ಹೋಟೆಲುಗಳ ಹುಡುಗರು ಲೋಹದ ಪೆಟ್ಟಿಗೆಯಲ್ಲಿ ಜಾಜಾಂಗ್‌ಮ್ಯೊನ್ (ಕಪ್ಪು ಸಾಸಿನ ನೂಡಲ್ಸ್) ತಂದುಕೊಟ್ಟು, ಬಾಗಿಲ ಹೊರಗಿಟ್ಟ ಖಾಲಿ ಬಟ್ಟಲನ್ನು ಆಮೇಲೆ ಬಂದು ಒಯ್ಯುತ್ತಿದ್ದರು. 2010ರಲ್ಲಿ ಬೆದಾಲ್ ಮಿಂಜೊಕ್, 2012ರಲ್ಲಿ ಯೋಗಿಯೊ ಆ್ಯಪ್ ಬಂದವು. ಬರಬರುತ್ತಾ ಹೋಟೆಲಿನ ಸ್ವಂತ ಹುಡುಗನ ಜಾಗಕ್ಕೆ, ಒಂದೇ ಸುತ್ತಿನಲ್ಲಿ ಎರಡು ಮೂರು ಮನೆಗಳ ಆರ್ಡರ್ ಹೊತ್ತ ರೈಡರ್ ಬಂದ. ಹೆಚ್ಚಾದದ್ದು ಹತ್ತು ಹದಿನೈದು ನಿಮಿಷ, ಅಷ್ಟೇ. ಆದರೆ ನೂಡಲ್ಸ್‌ಗೆ ಅಷ್ಟು ಸಾಕು.

ಆರಿಹೋದದ್ದಕ್ಕೆ ರುಚಿ ಕೆಟ್ಟಿತು ಎನ್ನುತ್ತಾರೆ ಜನ. ಅದು ತಪ್ಪು. ಮುಖ್ಯ ಕಾರಣ ನೀರಿನ ಓಡಾಟ.

ಬೇಯುವಾಗ ನೀರು ನೂಡಲ್ಸ್ ಎಳೆಯೊಳಕ್ಕೆ ಹೊರಗಿನಿಂದ ನುಗ್ಗುತ್ತದೆ. ಪಾತ್ರೆಯಿಂದ ಎತ್ತಿದ ಕ್ಷಣದಲ್ಲಿ ಎಳೆಯ ಅಂಚು ನೀರುಂಡು ಮೆತ್ತಗಿರುತ್ತದೆ, ನಡುಭಾಗದಲ್ಲಿ ನೀರು ಕಡಿಮೆ. ಹಲ್ಲಿಗೆ ಸಿಗುವ ಬಿಗಿ ಈ ವ್ಯತ್ಯಾಸದಿಂದಲೇ ಬರುವುದು. ಒಲೆ ಆರಿಸಿದರೂ ನೀರು ನಿಲ್ಲುವುದಿಲ್ಲ. ಅಂಚಿನಿಂದ ನಡುವಿಗೆ ಹರಿದು ಎಲ್ಲ ಕಡೆ ಸಮನಾಗುತ್ತದೆ, ಬಿಗಿ ಹೋಗುತ್ತದೆ. ಹಾಗಾಗಿ ಜಾಂಪೊಂಗ್ ಎಂಬ ಖಾರದ ನೂಡಲ್ಸ್‌ನ ಸಾರನ್ನು ಬೇರೆ ಡಬ್ಬಿಗೆ ಹಾಕಿ ಕಳಿಸಿದರೆ ಅರ್ಧ ಸಮಸ್ಯೆ ಮಾತ್ರ ಬಗೆಹರಿಯುತ್ತದೆ: ಹೊಸ ನೀರು ಸೇರುವುದಿಲ್ಲ, ಒಳಗಿನದು ಹರಡುತ್ತಲೇ ಇರುತ್ತದೆ. ಉಳಿದರ್ಧಕ್ಕೆ ಅಡುಗೆಮನೆಯಲ್ಲೇ ಮದ್ದು. ಹಿಟ್ಟಿಗೆ ಸೋಡಿಯಂ ಅಥವಾ ಪೊಟ್ಯಾಸಿಯಂ ಕಾರ್ಬೊನೇಟ್ ಸೇರಿಸಿದರೆ ಗ್ಲೂಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್, ಬಿಗಿಯಾಗುತ್ತದೆ. ಪೂರ್ತಿ ಬೇಯುವ ಮುನ್ನವೇ ಎತ್ತಿ ತಣ್ಣೀರಿನಲ್ಲಿ ಜಾಲಾಡಿಸಿದರೆ ಮೇಲಿನ ಪಿಷ್ಟ ತೊಳೆದುಹೋಗುತ್ತದೆ, ನೀರಿನ ಹರಿವೂ ನಿಧಾನವಾಗುತ್ತದೆ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಡಬ್ಬಿ ತೆರೆದಾಗ ಸಿಗುವುದು ಡಬ್ಬಿಯ ಆಕಾರದ ಒಂದೇ ಮುದ್ದೆ.

ಕೋಳಿಯಲ್ಲೂ ಇದೇ ಕಥೆ, ದಿಕ್ಕು ಮಾತ್ರ ಬೇರೆ. ಕೊರಿಯನ್ನರು ಕೋಳಿಯನ್ನು ಹೆಚ್ಚಾಗಿ ಎರಡು ಸಲ ಕರಿಯುತ್ತಾರೆ. ಎರಡನೆಯ ಸಲ ಎಣ್ಣೆ ಇನ್ನಷ್ಟು ಕಾದಿರುತ್ತದೆ, ಹೊರಪದರದ ನೀರು ಹಾರಿಹೋಗಿ ಗರಿಗರಿಯಾಗುತ್ತದೆ. ಆದರೆ ಒಳಗಿನ ಮಾಂಸ ಒದ್ದೆಯಲ್ಲವೇ, ಅದರ ನೀರು ಹೊರಕ್ಕೆ ಬರುತ್ತಲೇ ಇರುತ್ತದೆ. ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೋಳಿಯ ಮೇಲೇ ಬೀಳುತ್ತದೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾದಂತೆ ಹೊರಪದರ ಮೆತ್ತಗಾಗುತ್ತದೆ. ಪೆಟ್ಟಿಗೆಗೆ ತೂತು ಬಿಟ್ಟಿರುವುದು ಇದಕ್ಕೇ. ಬಿಸಿ ಉಳಿಯಲೆಂದು ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿದವರು ಬಿಸಿಯ ಜೊತೆ ಹಬೆಯನ್ನೂ ಕಟ್ಟಿಹಾಕುತ್ತಾರೆ.

ಸಾರಿನದು ತದ್ವಿರುದ್ಧ. ಬೈಕ್ ಕುಲುಕಾಟಕ್ಕೆ ಚೆಲ್ಲಬಾರದೆಂದು ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಂಟಿಸುತ್ತಾರೆ, ಹಾಳೆ ಸೀಳಲು ಪುಟ್ಟ ಪ್ಲಾಸ್ಟಿಕ್ ಚಾಕುವನ್ನೂ ಇಡುತ್ತಾರೆ. ಹಾಳೆ ಉಬ್ಬಿದ್ದರೆ ಒಳಗೆ ಬಿಸಿ ಹಬೆಯಿದೆ ಎಂದರ್ಥ. ಮುಖದಿಂದ ದೂರದ ಅಂಚಿನಲ್ಲಿ ಮೊದಲು ಸೀಳಬೇಕು.

2019ರಲ್ಲಿ ಶುರುವಾದ ಕೂಪಾಂಗ್ ಈಟ್ಸ್ ಆ್ಯಪ್ ಒಬ್ಬ ರೈಡರ್‌ಗೆ ಒಂದೇ ಆರ್ಡರ್ ಎಂಬ ಪದ್ಧತಿ ತಂದಿತು. 2021ರಲ್ಲಿ ಬೆದಾಲ್ ಮಿಂಜೊಕ್ ಕೂಡ ಅದೇ ಹಾದಿ ಹಿಡಿಯಿತು. ನೂಡಲ್ಸ್ ಮಟ್ಟಿಗೆ ಇದು ಯಾವ ಡಬ್ಬಿಗಿಂತಲೂ ಒಳ್ಳೆಯ ಉಪಾಯ.

ಕೋಳಿ ಬಂದ ಕೂಡಲೇ ಮುಚ್ಚಳ ತೆರೆಯಿರಿ. ಮೆತ್ತಗಾಗಿದ್ದರೆ ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಗೆ ನಾಲ್ಕೈದು ನಿಮಿಷ ಇಡಿ. ಸಿಹಿ ಖಾರದ ಸಾಸ್ ಹಚ್ಚಿದ್ದಾದರೆ ಸಕ್ಕರೆ ಸೀಯುತ್ತದೆ, 160 ಸಾಕು. ಮೈಕ್ರೋವೇವ್ ಬೇಡವೇ ಬೇಡ. ಅದು ಮಾಂಸದ ನೀರನ್ನು ಮತ್ತೆ ಹೊರಪದರಕ್ಕೆ ದೂಡುತ್ತದೆ.