ಕರೆಂಟ್ ಯಾಕೆ ಹೋಗುತ್ತದೆ? ಕೊಂಬೆ, ಅಳಿಲು ಮತ್ತು ರಿಲೇ ಕಥೆ

ಕರೆಂಟ್ ಹೋದ ಕೂಡಲೇ ಎಲ್ಲೋ ಏನೋ ಸುಟ್ಟುಹೋಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಸುಡದಿರಲಿ ಎಂದೇ ಅದನ್ನು ಕಡಿದಿರುತ್ತಾರೆ. ಕಡಿಯುವವರು ಜನರಲ್ಲ, ಯಂತ್ರ. ಗಾಳಿಗೆ ಕೊಂಬೆ ಬಾಗಿ ತಂತಿಗೆ ತಾಗಿದರೆ ಕರೆಂಟ್ ಮರದ ಮೂಲಕ ನೆಲಕ್ಕೆ ಇಳಿಯುತ್ತದೆ. ಲೈನಿನ ಮೇಲೆ ಸದಾ ಕಣ್ಣಿಟ್ಟಿರುವ ರಿಲೇ ಎಂಬ ಕಾವಲು ಸಾಧನ ಇದನ್ನು ಗುರುತಿಸುತ್ತದೆ, ಬ್ರೇಕರ್ ಎಂಬ ದೊಡ್ಡ ಸ್ವಿಚ್ ಲೈನಿನ ಸಂಪರ್ಕ ಬಿಡಿಸುತ್ತದೆ. ಟ್ರಿಪ್ ಆಗುವುದು ಅಂದರೆ ಇದೇ. ಹೋದ ಕರೆಂಟ್ ಎರಡೇ ಕ್ಷಣದಲ್ಲಿ ಮರಳಿದರೆ, ಬಹುಶಃ ಕೊಂಬೆ ಸರಿದಿದೆ, ಬ್ರೇಕರ್ ತಾನಾಗಿ ಮತ್ತೆ ಕೂಡಿಕೊಂಡಿದೆ.

ಈ ತಾಪತ್ರಯ ವಿದ್ಯುತ್ತಿನಷ್ಟೇ ಹಳೆಯದು. 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಶುರುಮಾಡಿದ ಎಡಿಸನ್ ತಂತಿಗಳನ್ನು ನೆಲದಡಿಯಲ್ಲೇ ಹಾಕಿಸಿದರು. ಉಳಿದವರು ಕಂಬ ನೆಟ್ಟರು. 1888ರ ಮಾರ್ಚ್‌ನ ಹಿಮಬಿರುಗಾಳಿಗೆ ಆ ಕಂಬ, ತಂತಿಗಳು ಮುರಿದುಬಿದ್ದವು. ಆಮೇಲೆ ಅಲ್ಲಿ ತಂತಿ ಹೂಳುವ ಕೆಲಸ ಜೋರಾಯಿತು. ಎಲ್ಲ ಕಡೆಯೂ ಹೂಳಬಹುದಿತ್ತಲ್ವಾ? ಅದಕ್ಕೆ ದುಡ್ಡು ಜಾಸ್ತಿ ಬೇಕು. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೂ ಕಷ್ಟ. ಹಾಗಾಗಿ ಹೆಚ್ಚಿನ ಕಡೆ ತಂತಿ ಮೇಲೆಯೇ ಉಳಿಯಿತು. ಸಿಡಿಲು, ಹಕ್ಕಿ, ಹಾವು, ಅಳಿಲುಗಳ ಕಾಟವೂ ಉಳಿಯಿತು. ಅಳಿಲು ಅಂತ ಸುಮ್ನೆ ನಗಬೇಡಿ. 1987ರಲ್ಲಿ ಒಂದು ಅಳಿಲಿನಿಂದಾಗಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯ ವಹಿವಾಟೇ ನಿಂತಿತ್ತು.

ಕಾರಣಗಳು ಅವೇ ಇದ್ದರೂ ಕತ್ತಲಿನ ಹರವು ದೊಡ್ಡದಾಗುತ್ತ ಬಂತು. ಒಂದು ಕೇಂದ್ರಕ್ಕೆ ಕೊರತೆಯಾದರೆ ಇನ್ನೊಂದು ಕೊಡಲಿ ಎಂದು ಎಲ್ಲವನ್ನೂ ಜೋಡಿಸಿ ಗ್ರಿಡ್ ಕಟ್ಟಿದರು. ಒಳ್ಳೆಯ ಉಪಾಯವೇ. ಆದರೆ ಒಂದು ಲೈನ್ ಟ್ರಿಪ್ ಆದರೆ ಅದರ ಲೋಡ್, ಅಂದರೆ ಅದು ಹೊರುತ್ತಿದ್ದ ಕರೆಂಟಿನ ಹೊರೆ, ಪಕ್ಕದ ಲೈನ್‌ಗಳ ಹೆಗಲೇರುತ್ತದೆ. ಅವು ತಾಳದಿದ್ದರೆ ಅವುಗಳ ಪಕ್ಕದವು.

1965ರ ನವೆಂಬರ್ 9ರ ಸಂಜೆ ಹೀಗೇ ಆಯಿತು. ಕೆನಡಾದ ಸರ್ ಆ್ಯಡಂ ಬೆಕ್ ಜಲವಿದ್ಯುತ್ ಕೇಂದ್ರದ ರಿಲೇಯೊಂದರ ಮಿತಿಯನ್ನು ತೀರಾ ಕಡಿಮೆ ಇಟ್ಟಿದ್ದರು. ಲೈನ್ ಚೆನ್ನಾಗಿತ್ತು, ಲೋಡ್ ತಾಳುವಷ್ಟೇ ಇತ್ತು. ರಿಲೇ ಮಾತ್ರ ಗಾಬರಿಯಾಗಿ ಲೈನ್ ಬಿಡಿಸಿತು. ಉಳಿದ ನಾಲ್ಕು ಲೈನ್‌ಗಳೂ ಒಂದರ ಹಿಂದೆ ಒಂದು ಹೋದವು. ಸುಮಾರು 3 ಕೋಟಿ ಜನ ಕತ್ತಲಲ್ಲಿ ಕೂತರು, ಕೆಲವೆಡೆ 13 ಗಂಟೆ. ಬೇಲಿಯೇ ಹೊಲ ಮೇಯ್ದಿತ್ತು.

2003ರ ಆಗಸ್ಟ್ 14ರಂದು ಮತ್ತೆ ಮರದ ಸರದಿ. ಲೋಡ್ ಏರಿದಾಗ ತಂತಿ ಬಿಸಿಯಾಗಿ ಜೋತುಬೀಳುತ್ತದೆ. ಅಮೆರಿಕದ ಓಹಾಯೊದಲ್ಲಿ ಲೈನ್ ಕೆಳಗಿನ ಮರಗಳನ್ನು ಸರಿಯಾಗಿ ಸವರಿರಲಿಲ್ಲ. ಸಾಲದ್ದಕ್ಕೆ ಕಂಟ್ರೋಲ್ ರೂಮಿನ ಅಲಾರಂ ತಂತ್ರಾಂಶವೂ ಕೈಕೊಟ್ಟಿತ್ತು. ಏನಾಗುತ್ತಿದೆ ಎಂದು ಅಲ್ಲಿ ಕೂತವರಿಗೇ ಗೊತ್ತಾಗಲಿಲ್ಲ. ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು.

ಭಾರತದಲ್ಲಿ 2012ರ ಜುಲೈ 30ರಂದು ಮರವೂ ಬೀಳಲಿಲ್ಲ, ಸಿಡಿಲೂ ಹೊಡೆಯಲಿಲ್ಲ. ಹಲವು ಲೈನ್‌ಗಳು ಮೊದಲೇ ಬಂದ್ ಆಗಿದ್ದವು. ಉಳಿದವುಗಳ ಮೇಲೆ ವಿಪರೀತ ಲೋಡ್. ಮಧ್ಯಪ್ರದೇಶದ 400 ಕಿಲೋವೋಲ್ಟ್‌ನ ಬೀನಾ–ಗ್ವಾಲಿಯರ್ ಲೈನಿನ ರಿಲೇ ಆ ಲೋಡನ್ನೇ ದೋಷವೆಂದು ತಿಳಿದು ಲೈನ್ ಬಿಡಿಸಿತು. ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಇನ್ನೂ ದೊಡ್ಡ ಕುಸಿತ, 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ.

ಇಷ್ಟು ದೊಡ್ಡ ಗ್ರಿಡ್ ಮಲಗಿದರೆ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಕಲ್ಲಿದ್ದಲು ಕೇಂದ್ರದ ಪಂಪು, ಫ್ಯಾನುಗಳು ತಿರುಗಲು ಕರೆಂಟೇ ಬೇಕಲ್ವಾ? ಅದಕ್ಕೇ ಸಾಮಾನ್ಯವಾಗಿ ಜಲವಿದ್ಯುತ್ ಕೇಂದ್ರವನ್ನು ಮೊದಲು ತಿರುಗಿಸಿ, ಅಲ್ಲಿಂದ ಲೈನ್‌ಗಳಲ್ಲಿ ಕರೆಂಟ್ ಹರಿಸಿ ಉಳಿದವನ್ನು ಒಂದೊಂದಾಗಿ ಎಬ್ಬಿಸುತ್ತಾರೆ.